ಸುಬ್ರಾಯರು ನಾಯಿಗೆ ಕೊಟ್ಟ ದನಿ

ಹಳೆಯ ದಿನಗಳನ್ನು ನೆನಪಿಗೆ ತರುವ ಕೆಲಸವನ್ನು ಕೆಲವರಿಗೆ ಮಲ್ಲಿಗೆ ಮಾಡುತ್ತದೆ, ಕೆಲವರಿಗೆ ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ. ನನ್ನ ಪಾಲಿಗೆ ಅದನ್ನು ಒದ್ದೆ ನಾಯಿ ವಹಿಸಿಕೊಂಡಿದೆ. ಮೊನ್ನೆ ಜುಲೈನಲ್ಲಿ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಮೂರನೆಯ ಮಹಡಿಯವರ ನಾಯಿ ತೊಯ್ದು ತೊಪ್ಪೆಯಾಗಿ ನನ್ನ ಜೊತೆ ಮೇಲೆ ಬಂತು. ಬಂದದ್ದಲ್ಲದೆ ನನ್ನ ಪಂಚೆಗೆ ಒರಗಿ ಮೈ ಕೊಡವಿತು. ಅದರ ಯಜಮಾನಿತಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ನಾನು ಪರವಾಗಿಲ್ಲ ಎಂದೆ. ಪರವಾಗಿಲ್ಲ ಎಂದವನು ಮನೆಗೆ ಬಂದು, ಕಾಫಿ ಬೇಡವೆಂದು, ಕಿಟಕಿಯ ಬಳಿ ಕೂತುಬಿಟ್ಟೆ. ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಇದ್ದದ್ದು ನಯಾ ಪೈಸೆ ಬಂದ ವರ್ಷದ, ಐವತ್ತೇಳರ, ಮಳೆಗಾಲ.

ಆಗ ನನಗೆ ಇಪ್ಪತ್ತನಾಲ್ಕು. ಮಾಟುಂಗದ ಒಂದು ಚಾಳಿನಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಂಚಿಕೊಂಡು, ಅಂಧೇರಿಯ ಒಂದು ಸ್ಟುಡಿಯೋಕ್ಕೆ ದಿನಾ ಲೋಕಲ್‌ನಲ್ಲಿ ಹೋಗಿ ಬರುತ್ತಿದ್ದೆ. ಮೈಸೂರಿನಲ್ಲಿದ್ದ ನಮ್ಮ ತಂದೆಯವರು ನೆಂಟರಿಷ್ಟರಿಗೆಲ್ಲ ‘ಹುಡುಗ ಬೊಂಬಾಯಿಯಲ್ಲಿ ಸೌಂಡ್ ಇಂಜಿನಿಯರ್’ ಎಂದು ಹೇಳಿಕೊಂಡಿದ್ದರು. ನಾನು ಸೌಂಡ್ ಇಂಜಿನಿಯರರ ಸಹಾಯಕರ ಸಹಾಯಕ. ಮೈಕಿನ ವೈರು ಸುತ್ತುವುದು, ಛಾವಣಿಯ ಮೇಲೆ ಕೂರುವ ಕಾಗೆಗಳನ್ನು ಓಡಿಸುವುದು, ಕೆಂಪು ದೀಪ ಹತ್ತಿದಾಗ ಕೆಮ್ಮದೆ ಇರುವುದು, ಇವು ನನ್ನ ಮುಖ್ಯ ಜವಾಬ್ದಾರಿಗಳು. ಮೂರನೆಯದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಆ ವರ್ಷ ನಮ್ಮಲ್ಲಿ ತಯಾರಾಗುತ್ತಿದ್ದದ್ದು ಮಾತಾಡುವ ಪ್ರಾಣಿಗಳ ಗೂಢಚಾರ ಚಿತ್ರ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ದುಡಿದವರ ಮೊಮ್ಮಕ್ಕಳು ಇನ್ನೂ ಇದೇ ಊರಿನಲ್ಲಿ ಮರ್ಯಾದೆಯಿಂದ ಬದುಕುತ್ತಿದ್ದಾರೆ. ಕಥೆ ದೇಶಭಕ್ತಿಯದು. ಒಬ್ಬ ಇಂಜಿನಿಯರರ ಮನೆಯಿಂದ ಅಣೆಕಟ್ಟಿನ ನಕ್ಷೆಯನ್ನು ಪರದೇಶದ ಕಳ್ಳರು ಕದಿಯುತ್ತಾರೆ. ಪೊಲೀಸರಿಗೆ ಏನೂ ಹೊಳೆಯುವುದಿಲ್ಲ. ಆಗ ಆ ಮನೆಯ ನಾಯಿ, ಆಡು ಮತ್ತು ಗಿಳಿ ಕೊಟ್ಟಿಗೆಯಲ್ಲಿ ಗುಪ್ತ ಸಭೆ ಸೇರಿ, ವೇಷ ಮರೆಸಿಕೊಂಡು, ಕಳ್ಳರ ಬೆನ್ನು ಹತ್ತುತ್ತವೆ. ನಾಯಿ ವೇಷ ಮರೆಸಿಕೊಳ್ಳುವುದೆಂದರೆ ಕಪ್ಪು ಕನ್ನಡಕ ಹಾಕಿಕೊಳ್ಳುವುದು. ಕನ್ನಡಕ ಹಾಕಿದ ಮೇಲೆ ಅದು ನಾಯಿಯೆಂದು ಚಿತ್ರದಲ್ಲಿ ಯಾರೊಬ್ಬರಿಗೂ ಗುರುತು ಹತ್ತುವುದಿಲ್ಲ. ಇಡೀ ಸಂಸಾರ ಒಟ್ಟಿಗೆ ಕೂತು ನಗುವಂಥ ಚಿತ್ರ ಇದು ಎಂದು ನಿರ್ದೇಶಕರು ದಿನಕ್ಕೆರಡು ಸಲ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಪ್ರಾಣಿಗಳನ್ನು ಮಾತಾಡಿಸುವ ವಿದ್ಯೆ ಸರಳವಾದದ್ದು. ಬಾಯಿ ಆಡುವಂತೆ ಏನಾದರೂ ತಿನ್ನಲು ಕೊಟ್ಟು ಚಿತ್ರ ತೆಗೆಯುವುದು. ಆಮೇಲೆ ಆ ಬಾಯಿಗೆ ಹೊಂದುವ ಹಾಗೆ ಮನುಷ್ಯರು ಮೈಕಿನ ಮುಂದೆ ಮಾತು ಸೇರಿಸುವುದು. ಆಡು ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಎಷ್ಟು ಉದ್ದದ ಭಾಷಣವನ್ನಾದರೂ ಮಾಡಬಲ್ಲದು. ಆ ಒಂದೇ ಅರ್ಹತೆಯ ಮೇಲೆ ಅದನ್ನು ಗೂಢಚಾರರ ಮುಖ್ಯಸ್ಥನನ್ನಾಗಿ ನೇಮಿಸಲಾಗಿತ್ತು. ನಾಯಿಗೆ ಕೊಡುತ್ತಿದ್ದದ್ದು ಬೆಲ್ಲದ ಚಿಕ್ಕಿ. ಅದು ಹಲ್ಲಿಗೆ ಅಂಟಿಕೊಂಡಾಗ ಬಿಡಿಸಿಕೊಳ್ಳಲು ನಾಯಿ ಬಾಯನ್ನು ನಾನಾ ವಿಧವಾಗಿ ತಿರುವುತ್ತಿತ್ತು. ತೊಂದರೆಯೆಂದರೆ, ಬರೆದಿಟ್ಟ ಸಂಭಾಷಣೆ ಮುಗಿದರೂ ಚಿಕ್ಕಿ ಮುಗಿಯುತ್ತಿರಲಿಲ್ಲ. ಮಳೆಯ ದೃಶ್ಯಗಳಿಗೆ ಪೈಪಿನಿಂದ ನೀರು ಹೊಡೆದ ಮೇಲೆ ಆ ನಾಯಿಯನ್ನು ಒರೆಸುವ ಕೆಲಸವೂ ನನಗೇ ಬಂತು. ಸೌಂಡ್ ಇಲಾಖೆಗೂ ಅದಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ.

ನಾಯಿಗೆ ದನಿ ಕೊಡಲು ಗೊತ್ತಾಗಿದ್ದ ನಾಟಕದ ನಟರು, ಎರಡನೆಯ ದಿನ ತೆರೆಯ ಮೇಲೆ ಚಿಕ್ಕಿ ಅಗಿಯುವ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಾವು ರಾಜರ ಪಾತ್ರ ಮಾಡಿದವರೆಂದು ಎಲ್ಲರಿಗೂ ನೆನಪಿಸಿ, ಎದ್ದು ಹೋದರು. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ, ಯಾರೂ ಕೇಳದಿದ್ದರೂ, ನನಗೊಬ್ಬರು ಗೊತ್ತು ಎಂದೆ.

ನಾನು ಹೇಳಿದ್ದು ಸುಬ್ರಾಯರನ್ನು. ಕುಂದಾಪುರದ ಕಡೆಯವರು, ನಾನು ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ವಯಸ್ಸು ನಲವತ್ತರ ಆಸುಪಾಸು, ಸಣಕಲು ಮೈ, ಆ ಮೈಗೆ ಯಾವ ಸಂಬಂಧವೂ ಇಲ್ಲದ ದನಿ. ಆ ಹೋಟೆಲಿನಲ್ಲಿ ಸಪ್ಲೈಯರು ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಆರು ಮೇಜಿನವರು ಹೇಳಿದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ನಿಂತಲ್ಲಿಂದಲೇ ಅಡುಗೆಮನೆಗೆ ಕೂಗಿ ಹೇಳಬೇಕು. ತಟ್ಟೆ ಲೋಟಗಳ ಗದ್ದಲವನ್ನು ದಾಟಿ ಅದು ಒಳಗಿನ ಭಟ್ಟರನ್ನು ಮುಟ್ಟಬೇಕು. ಪಕ್ಕದಲ್ಲಿ ಕೂತವನ ಕಿವಿಗೆ ಮಾತ್ರ ಒರಟಾಗಬಾರದು. ಸುಬ್ರಾಯರ ಬಾಯಲ್ಲಿ ‘ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ’ ಎಂಬುದಕ್ಕೆ ಯುದ್ಧ ಸಾರಿದ ಗಾಂಭೀರ್ಯ ಬರುತ್ತಿತ್ತು. ಅಷ್ಟೇ ಗಾಂಭೀರ್ಯದಿಂದ ಅವರು ಬೆಕ್ಕು, ಕೋಳಿ, ಹಡಗಿನ ಸಿಳ್ಳು, ಹೋಟೆಲಿನ ಯಜಮಾನರು, ಎಲ್ಲರ ಹಾಗೂ ಕೂಗಿ ತೋರಿಸುತ್ತಿದ್ದರು.

ನಾಯಿಗೆ ದನಿ ಕೊಡಬೇಕೆಂದು ಹೇಳಿದಾಗ ಅವರಿಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಅದ್ ಒಳ್ಳೇ ನಾಯಿಯಾ?”

“ಒಳ್ಳೆಯ ನಾಯಿ ಸುಬ್ರಾಯರೇ. ದೇಶ ಉಳಿಸುತ್ತೆ.”

“ಹಂಗಾರೆ ಅಡ್ಡಿಲ್ಲೆ.”

ಯಜಮಾನರು ವಾರಕ್ಕೆ ಎರಡು ಮಧ್ಯಾಹ್ನ ಬಿಟ್ಟುಕೊಟ್ಟರು. ಚಿತ್ರ ಹಿಂದಿಯದು, ಸುಬ್ರಾಯರಿಗೆ ಹಿಂದಿ ಓದಲು ಬರುತ್ತಿರಲಿಲ್ಲ. ನಾನು ಕಿವಿಯಲ್ಲಿ ಹೇಳುವುದು, ಅವರು ತಲೆಯಲ್ಲಿಟ್ಟುಕೊಳ್ಳುವುದು, ತೆರೆಯ ಮೇಲೆ ನಾಯಿಯ ಬಾಯಿ ತೆರೆದ ಕೂಡಲೇ ಸುರಿಯುವುದು. ಆರು ಮೇಜಿನ ತಿಂಡಿ ನೆನಪಿಡುವವರಿಗೆ ಒಂದು ನಾಯಿಯ ಮಾತು ಯಾವ ಲೆಕ್ಕ. ಮೂರನೆಯ ದಿನ ಒಂದು ಸಂಗತಿ ನಡೆಯಿತು. ನಾಯಿ ‘ಚೋರ್ ಇಧರ್ ಗಯಾ ಹೈ’ ಎನ್ನಬೇಕಿತ್ತು. ಅಂದಿತು. ಆದರೆ ಚಿಕ್ಕಿ ಬಾಕಿ ಇತ್ತು. ಬಾಯಿ ಆಡುತ್ತಲೇ ಇತ್ತು. ಅಷ್ಟು ವರ್ಷಗಳ ಅಭ್ಯಾಸದವರು, ತೆರೆದ ಬಾಯನ್ನು ಬರಿದೇ ಬಿಡುವುದು ಸುಬ್ರಾಯರಿಂದ ಆಗಲಿಲ್ಲ. ಅದೇ ಉಸಿರಿನಲ್ಲಿ, ಅದೇ ಪಿಸುದನಿಯಲ್ಲಿ, “ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ, ಒಂದು ಕಾಫಿ ಸ್ಟ್ರಾಂಗ್” ಎಂದು ಮುಗಿಸಿದರು. ‘ಸ್ಟ್ರಾಂಗ್’ ಎಂಬಲ್ಲಿಗೆ ಸರಿಯಾಗಿ ನಾಯಿ ಬಾಯಿ ಮುಚ್ಚಿತು.

ಮೂರು ತಿಂಗಳಿಂದ ನಗದಿದ್ದ ನಿರ್ದೇಶಕರು ಕುರ್ಚಿಯಿಂದ ಜಾರಿದರು. ನೀರು ಕುಡಿಸಬೇಕಾಯಿತು. ಚೇತರಿಸಿಕೊಂಡು, ಇದು ಗೂಢಚಾರರ ಸಂಕೇತ ಭಾಷೆ, ಇರಲಿ ಎಂದು ಆಜ್ಞೆ ಮಾಡಿದರು. ಅಲ್ಲಿಂದ ಮುಂದೆ ಕಳ್ಳರ ಅಡಗುತಾಣ ಎಲ್ಲಿದೆ, ಒಳಗೆ ಎಷ್ಟು ಜನ, ಕೈಯಲ್ಲಿ ಪಿಸ್ತೂಲಿದೆಯೇ ಎಂಬ ರಹಸ್ಯವೆಲ್ಲ ಇಡ್ಲಿ ವಡೆಗಳಲ್ಲೇ ರವಾನೆಯಾಯಿತು. ಇಡೀ ಚಿತ್ರದಲ್ಲಿ ನಗು ಬರುವಂಥದ್ದು ಅದೊಂದೇ ಇತ್ತು.

ಸಂಜೆ ಅಂಧೇರಿಯಿಂದ ವಾಪಸು ಬರುವಾಗ ಲೋಕಲ್‌ನಲ್ಲಿ ಅವರು ಹೆಂಡತಿಯ ಮಾತೆತ್ತುತ್ತಿದ್ದರು. ಗಿರಿಜಮ್ಮ ಊರಿನಲ್ಲಿದ್ದರು, ಮಕ್ಕಳಿರಲಿಲ್ಲ. ಹೋಟೆಲಿನವರಿಗೆ ಸರದಿಯ ಮೇಲೆ ರಜೆ, ಸುಬ್ರಾಯರ ಸರದಿ ಪ್ರತಿವರ್ಷ ಜೂನ್ ತಿಂಗಳು. ಹದಿನೆಂಟು ವರ್ಷದ ಸಂಸಾರವೆಂದರೆ ಒಟ್ಟು ಹದಿನೆಂಟು ಮಳೆಗಾಲದ ಹದಿನೆಂಟು ತಿಂಗಳು. ಈ ಸಲ ಅದನ್ನು ಬದಲಾಯಿಸಬೇಕೆಂದು ಅವರು ಯೋಚಿಸಿದ್ದರು. ಚಿತ್ರ ಚೌತಿಯ ಹೊತ್ತಿಗೆ ಬರುತ್ತದೆಂದು ನಾನು ಹೇಳಿದ್ದೆ.

“ಈ ಸಲ ನಾನ್ ಹೋತಿಲ್ಲೆ ಮಾರಾಯ್ರೆ, ಅವಳನ್ನೇ ಇಲ್ಲಿಗ್ ಕರ್ಸುದ್. ಗಂಡ ಬೊಂಬಾಯಲ್ ಎಂತ ಮಾಡ್ತ್ರ್ ಅಂದ್ ಕೇಳಿದವರಿಗೆ ‘ಇಡ್ಲಿ ತಂದಿಡ್ತ್ರ್’ ಅಂದ್ ಹೇಳಿ ಹೇಳಿ ಅವಳಿಗೂ ಸಾಕಾಯ್ತ್. ಇನ್ ಮೇಲೆ ‘ಸಿನೆಮಾದಲ್ ನಾಯಿ’ ಅಂದ್ ಹೇಳ್ಲಿ.”

ಮೇ ತಿಂಗಳ ಮೊದಲಲ್ಲಿ ಚಿತ್ರವನ್ನು ಹಂಚಿಕೆದಾರರಿಗೆ ತೋರಿಸಿದರು. ಪ್ರಿಂಟು ಇನ್ನೂ ಆಗಿರಲಿಲ್ಲ. ಚಿತ್ರವನ್ನೊಂದು ಮೆಷಿನ್ನಿನಲ್ಲಿ, ದನಿಯನ್ನೊಂದು ಮೆಷಿನ್ನಿನಲ್ಲಿ ಒಟ್ಟಿಗೆ ಓಡಿಸಿದ್ದು. ಆಡಿನ ಭಾಷಣಕ್ಕೆ ಅವರು ಆಕಳಿಸಿದರು. ಗಿಳಿಯ ಹಾಡಿಗೆ ಎದ್ದು ಹೊರಗೆ ಹೋಗಿ ಬಂದರು. ಇಡ್ಲಿ ವಡೆಗೆ ನಕ್ಕರು. ನಕ್ಕು ಮುಗಿಸಿದ ಮೇಲೆ, ಅವರಲ್ಲಿ ಹಿರಿಯರಾದವರು, ಈ ನಾಯಿ ಯಾಕೆ ಮದ್ರಾಸಿ ಎಂದು ಕೇಳಿದರು. ದಿಲ್ಲಿ ಕಡೆಯ ಇಂಜಿನಿಯರರ ಮನೆಯ ನಾಯಿ ದಿಲ್ಲಿಯ ಹಾಗೆ ಮಾತಾಡಬೇಡವೇ? ನಾಯಿ ಮಾತಾಡುವುದನ್ನು ಅವರು ಆಕ್ಷೇಪಣೆಯಿಲ್ಲದೆ ಒಪ್ಪಿದ್ದರು. ಒಪ್ಪಲಾಗದೆ ಹೋದದ್ದು ಉಚ್ಚಾರಣೆ. ಮುಂದಿನ ಸೋಮವಾರ ಬೇರೊಬ್ಬ ನಟರು ಬಂದು ಎರಡು ದಿನದಲ್ಲಿ ಎಲ್ಲವನ್ನೂ ಹೊಸದಾಗಿ ಹೇಳಿ ಹೋದರು. ಇಡ್ಲಿ ವಡೆಯ ಜಾಗದಲ್ಲಿ ನಾಯಿ ಅಂಕಿಗಳನ್ನು, ಬಹಳ ಶುದ್ಧವಾಗಿ, ಹೇಳಿತು.

ಸುಬ್ರಾಯರ ದನಿಯಿದ್ದ ರೀಲುಗಳು ನನ್ನ ಬಳಿಗೆ ಬಂದವು. ಮ್ಯಾಗ್ನೆಟಿಕ್ ಟೇಪು ಆಗ ಹೊಸದು, ಸಿಗುವುದು ಕಷ್ಟ. ಹಾಲಿನ ಬಾಟಲಿಯನ್ನು ತೊಳೆದು ಮತ್ತೆ ತುಂಬುವ ಹಾಗೆ ಅಳಿಸಿ ಮತ್ತೆ ಬಳಸುತ್ತಿದ್ದೆವು. ಅಳಿಸಲಿಕ್ಕೆ ಒಂದು ಭಾರದ ಕಬ್ಬಿಣದ ಪೆಟ್ಟಿಗೆ ಇತ್ತು. ಕರೆಂಟು ಕೊಟ್ಟು, ರೀಲನ್ನು ಅದರ ಮೇಲೆ, ದೇವರಿಗೆ ಆರತಿ ಎತ್ತುವ ಹಾಗೆ, ನಿಧಾನವಾಗಿ ಸುತ್ತಿಸಬೇಕು. ಹತ್ತು ಸುತ್ತು ಈ ಕಡೆ, ಹತ್ತು ಸುತ್ತು ಆ ಕಡೆ. ಪ್ರತಿ ಗುರುವಾರ ನಾನೇ ಮಾಡುತ್ತಿದ್ದೆ. ಆ ಗುರುವಾರವೂ ಮಾಡಿದೆ. ಒಂದು ರೀಲನ್ನು ಎತ್ತಿಟ್ಟುಕೊಳ್ಳಬಹುದಿತ್ತು. ಹಾಗೆ ತೋಚಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತೋಚಿತು, ಬಾಕ್ಸಿನ ಮೇಲೆ ನಂಬರು ಬರೆದಿತ್ತು, ಯಾರಾದರೂ ಕೇಳಿಯಾರು ಎಂದು ಬಿಟ್ಟೆ. ಆ ಸ್ಟುಡಿಯೋದಲ್ಲಿ ನಾನಿದ್ದಷ್ಟು ವರ್ಷ ಒಂದು ಖಾಲಿ ರೀಲನ್ನು ಯಾರೂ ಕೇಳಿದ್ದಿಲ್ಲ.

ಸುಬ್ರಾಯರಿಗೆ ಹೇಳಬೇಕಿತ್ತು. ಹೋಟೆಲಿನಲ್ಲಿ ತಟ್ಟೆ ಇಡುವಾಗ ದಿನಾ ಬಗ್ಗಿ, ಗೂಢಚಾರರ ದನಿಯಲ್ಲೇ, ನಾಯಿ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಿದ್ದರು. ಕೊನೆಯ ಕೆಲಸ ನಡೆಯುತ್ತಿದೆ ಎನ್ನುತ್ತಿದ್ದೆ. ಅಕ್ಷರಶಃ ಅದು ನಿಜವೇ. ಭಾನುವಾರ ಹೇಳೋಣವೆಂದುಕೊಂಡೆ, ಭಾನುವಾರ ಹೋಟೆಲಿನಲ್ಲಿ ಜನ ಜಾಸ್ತಿ. ಸೋಮವಾರ ಅವರ ಮುಖ ಬಹಳ ಗೆಲುವಾಗಿತ್ತು. ಹೀಗೆ ವಾರದ ಏಳು ದಿನಕ್ಕೂ ನನ್ನಲ್ಲಿ ಒಂದೊಂದು ಕಾರಣವಿತ್ತು.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಯಜಮಾನರು ಗಲ್ಲಾದಿಂದಲೇ ಕೇಳಿದರು: ಹಾಗಾದರೆ ಸುಬ್ರಾಯ, ಜೂನಿನ ನಿನ್ನ ರಜೆಯನ್ನು ಬೇರೆಯವರಿಗೆ ಕೊಡಲಾ, ಆಮೇಲೆ ಕೇಳಬೇಡ. ಸುಬ್ರಾಯರು ನನ್ನ ಕಡೆ ತಿರುಗಿದರು. ನಾಯಿ ಚೌತಿಗೆ ಬರುವುದು ಖಂಡಿತವೇ ಎಂದು ಆ ನೋಟದ ಅರ್ಥ. ನನ್ನ ಬಾಯಲ್ಲಿ ಕಾಫಿ ಇತ್ತು. ನುಂಗಿ, ತಲೆಯಾಡಿಸಿದೆ. ನಾಯಿ ಬರುವುದು ಖಂಡಿತವೇ ಇತ್ತಲ್ಲ. ರಜೆ ಇನ್ನೊಬ್ಬರಿಗೆ ಹೋಯಿತು.

ಜೂನಿನಲ್ಲಿ ಮಳೆಯ ಜೊತೆಗೆ ಫ್ಲೂ ಬಂತು. ಆ ವರ್ಷ ಊರಿಗೆ ಊರೇ ಮಲಗಿತು. ಲೋಕಲ್‌ಗಳಲ್ಲಿ ಕೂರಲು ಜಾಗ ಸಿಗತೊಡಗಿತು, ಅದೇ ಹೆದರಿಕೆಯಾಗುವ ವಿಷಯ. ಸ್ಟುಡಿಯೋದಲ್ಲಿ ಆಡಿನ ದನಿ ಮಲಗಿತು, ಗಿಳಿಯ ದನಿ ಮಲಗಿತು. ಪ್ರಾಣಿಗಳು ಮಾತ್ರ ಆರೋಗ್ಯವಾಗಿದ್ದವು. ನಾನು ನಾಲ್ಕು ದಿನ ಮಲಗಿ ಎದ್ದೆ. ಆ ನಾಲ್ಕು ದಿನವೂ ಸುಬ್ರಾಯರು ಚಾಳಿಗೆ ಬಂದು ಗಂಜಿ ಕೊಟ್ಟು ಹೋದರು. ಆಮೇಲೆ ಅವರು ಮಲಗಿದರು. ಜ್ವರ ಎದೆಗೆ ಇಳಿಯಿತು. ಪರೇಲಿನ ಒಂದು ಆಸ್ಪತ್ರೆಗೆ ಸೇರಿಸಿದರು.

ನಾನು ಎರಡು ಸಲ ಹೋಗಿದ್ದೆ. ಎರಡನೆಯ ಸಲ ಹೋದಾಗ ವರಾಂಡದಲ್ಲೂ ಚಾಪೆ ಹಾಕಿ ರೋಗಿಗಳನ್ನು ಮಲಗಿಸಿದ್ದರು. ಸುಬ್ರಾಯರು ಗೋಡೆಯ ಪಕ್ಕ ಇದ್ದರು. ಆರು ಮೇಜು ದಾಟಿ ಅಡುಗೆಮನೆ ಮುಟ್ಟುತ್ತಿದ್ದ ದನಿ ಈಗ ಹಾಸಿಗೆಯ ಅಂಚಿನವರೆಗೂ ಬರುತ್ತಿರಲಿಲ್ಲ. ಬಗ್ಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ತರಬೇಕಾಯಿತು.

“ಸ್ವರ ಹೋಯ್ತ್ ಮಾರಾಯ್ರೆ,” ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು, “ಅಡ್ಡಿಲ್ಲೆ. ನಾಯಿ ಹತ್ರ ಇತ್ತಲ್ಲ.”

“ಇದೆ,” ಎಂದೆ.

“ಅವಳಿಗೊಂದ್ ಸಲ ಕೇಳ್ಸಿ.”

“ಕೇಳಿಸುತ್ತೇನೆ ಸುಬ್ರಾಯರೇ. ಭದ್ರವಾಗಿದೆ.”

ಮೂರನೆಯ ದಿನ ಹೋಟೆಲಿನ ಅರ್ಧ ಬಾಗಿಲು ಹಾಕಿತ್ತು.

ಚಿತ್ರ ಹೇಳಿದ ಹಾಗೆ ಚೌತಿಯ ಮರುವಾರ ಬಂತು. ಇಡೀ ಸಂಸಾರ ಒಟ್ಟಿಗೆ ಕೂತು ನಗುವಂಥ ಚಿತ್ರಕ್ಕೆ ಸಂಸಾರಗಳು ಬರಲಿಲ್ಲ. ಮಳೆಗೆ ಸಿಕ್ಕಿಕೊಂಡವರು ಬಂದರು. ಆ ವಾರದ ಕೊನೆಗೆ ಪರೇಲಿನ ಒಂದು ಥಿಯೇಟರಿನಲ್ಲಿ ಮಧ್ಯಾಹ್ನದ ಒಂದು ಆಟ ಮಾತ್ರ ಉಳಿದಿತ್ತು. ಅದೇ ಹೊತ್ತಿಗೆ, ಸುಬ್ರಾಯರ ಟ್ರಂಕನ್ನು ತೆಗೆದುಕೊಂಡು ಹೋಗಲು ಗಿರಿಜಮ್ಮ ಅಣ್ಣನ ಜೊತೆ ಬಂದರು.

ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರನ್ನು ಮೊದಲು ಕಂಡೆ. ಸಣ್ಣ ಆಳು, ಮುಖದಲ್ಲಿ ಅತ್ತದ್ದೆಲ್ಲ ಮುಗಿದು ಉಳಿದ ಒಂದು ಸಮಾಧಾನ. ನನ್ನ ಹೆಸರು ಕಾಗದಗಳಲ್ಲಿ ಓದಿ ಗೊತ್ತಿತ್ತು. ನಾಯಿಯ ಸಿನೆಮಾ ಎಲ್ಲಿ ನಡೆಯುತ್ತಿದೆ ಎಂದು ಕೇಳಿದರು. ಅಣ್ಣ ಗಾಬರಿಯಾದ. ವರ್ಷ ಕಳೆಯದೆ ಸಿನೆಮಾ ನೋಡುವುದೆಂದರೆ ಊರಿನಲ್ಲಿ ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತಾರೆ ಎಂದ. ನಾನೂ ಅವನ ಪಕ್ಷ ವಹಿಸಿ, ಸಂಪ್ರದಾಯ ಮುಖ್ಯ ಎಂದು, ನನ್ನ ವಯಸ್ಸಿಗೆ ಒಪ್ಪದ ಗಾಂಭೀರ್ಯದಿಂದ ನಾಲ್ಕು ಮಾತು ಹೇಳಿದೆ. ಗಿರಿಜಮ್ಮ ಇಬ್ಬರನ್ನೂ ಕೇಳಿಸಿಕೊಂಡರು.

“ಕಾಂಬುಕಾಗ ಅಂದ್ ಇತ್ತ್. ಕೇಂಬುಕಾಗ ಅಂದ್ ಎಲ್ಲೂ ಇಲ್ಲೆ. ನಾನ್ ಕಣ್ ಮುಚ್ಕಂಡ್ ಕೂಕಂತೆ.”

ನೋಡಬಾರದೆಂದಿದೆ, ಕೇಳಬಾರದೆಂದು ಎಲ್ಲಿಯೂ ಇಲ್ಲ. ಅಣ್ಣ ಕೊಡೆ ಹುಡುಕಿದ, ನಾನು ಚಪ್ಪಲಿ ಮೆಟ್ಟಿದೆ.

ಅಣ್ಣ ಥಿಯೇಟರಿನ ಬಾಗಿಲವರೆಗೆ ಬಂದು, ತಾನು ಒಳಗೆ ಬರುವುದಿಲ್ಲವೆಂದು ಎದುರಿನ ಚಹದ ಅಂಗಡಿಯಲ್ಲಿ ಕೂತ. ಒಳಗೆ ಹೆಚ್ಚೆಂದರೆ ಇಪ್ಪತ್ತು ಜನ. ದೀಪ ಆರುವ ಮೊದಲೇ ಗಿರಿಜಮ್ಮ ಸೆರಗನ್ನು ಹಣೆಯ ಮೇಲೆಳೆದುಕೊಂಡು ಕಣ್ಣು ಮುಚ್ಚಿದರು. ಕೈ ಎರಡೂ ಮಡಿಲಲ್ಲಿದ್ದವು. ಕೀರ್ತನೆಗೆ ಕೂತವರ ಹಾಗೆ ಕಾಣುತ್ತಿದ್ದರು. ದೀಪ ಆರಿತು. ಹೇಳುವುದಿದ್ದರೆ ಅದೇ ಹೊತ್ತು. ನಾನು ತೆರೆಯ ಕಡೆ ನೋಡಿದೆ.

“ಈಗ ಮಾತಾಡಿದ್ ಯಾರ್?”

“ಆಡು.”

“ಈಗ?”

“ಗಿಳಿ.”

ಆಮೇಲೆ ನಾಯಿ ಮಾತಾಡಿತು. ದುಂಡಗೆ, ಚೊಕ್ಕಟವಾಗಿ, ದಿಲ್ಲಿಯ ನಾಯಿಯ ಹಾಗೆ. ಗಿರಿಜಮ್ಮ ತಲೆಯನ್ನು ಸ್ವಲ್ಪ ವಾಲಿಸಿದರು.

“ಈಗ?”

“ಇಂಜಿನಿಯರ್,” ಎಂದೆ. “ಮನೆಯ ಯಜಮಾನ.”

ಸುಳ್ಳಿಗೆ ಒಂದು ಕಷ್ಟವಿದೆ. ನಾಯಿ ಕಥಾನಾಯಕ, ಚಿತ್ರದ ಅರ್ಧ ಮಾತು ಅದರದೇ. ಆಕೆ ಕೇಳಿದಾಗಲೆಲ್ಲ ನಾನು ಇಂಜಿನಿಯರ್ ಎನ್ನಬೇಕಾಯಿತು. ಇಂಜಿನಿಯರರು ಕೊಟ್ಟಿಗೆಯಲ್ಲಿ ಮಾತಾಡಿದರು, ಕಳ್ಳರ ಮೋಟಾರಿನ ಡಿಕ್ಕಿಯಲ್ಲಿ ಮಾತಾಡಿದರು, ಗಿಳಿಯ ಜೊತೆ ಮರದ ಕೆಳಗೆ ಅಂಕಿಗಳಲ್ಲಿ ಮಾತಾಡಿದರು.

“ಇಂಜಿನಿಯರ್ ತುಂಬಾ ಮಾತಾಡ್ತ್ರ್,” ಎಂದರು ಗಿರಿಜಮ್ಮ.

“ಓದಿದವರು,” ಎಂದೆ.

“ನಾಯಿ ಯಾವಾಗ ಮಾತಾಡುದ್?”

“ಇನ್ನೇನು ಬರುತ್ತೆ.”

ಒಮ್ಮೆ ನಾಯಿ ಬೊಗಳಿತು. ಅವರು ಚಟ್ಟನೆ ನೆಟ್ಟಗೆ ಕೂತರು. ಅದು ನಾಯಿಯ ಸ್ವಂತ ಬೊಗಳು ಎಂದು ಹೇಳಿದೆ. ಮತ್ತೆ ಒರಗಿದರು. ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗಲೂ ಕಣ್ಣು ತೆರೆಯಲಿಲ್ಲ. ಎರಡನೆಯ ಅರ್ಧದಲ್ಲಿ ಏನನ್ನೂ ಕೇಳಲಿಲ್ಲ. ನಕ್ಷೆ ಸಿಕ್ಕಿತು, ದೇಶ ಉಳಿಯಿತು, ಆಡು ಕೊನೆಯ ಭಾಷಣ ಮಾಡಿತು. ಇಪ್ಪತ್ತು ಜನರಲ್ಲಿ ಒಬ್ಬನೂ ನಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನಾನು, ಮುಗಿಯಿತಮ್ಮ ಎಂದೆ.

ಪರೇಲ್ ಸ್ಟೇಷನ್ನಿನಲ್ಲಿ ಅಣ್ಣ ಟಿಕೇಟಿನ ಕ್ಯೂನಲ್ಲಿ ನಿಂತ. ನಾವಿಬ್ಬರೂ ಪ್ಲಾಟ್‌ಫಾರಮಿನ ಬೆಂಚಿನ ಮೇಲೆ ಕೂತೆವು. ಆಸ್ಪತ್ರೆಯಿಂದ ವಾರ್ಡ್‌ಬಾಯ್ ಕಟ್ಟಿಕೊಟ್ಟಿದ್ದ ಸುಬ್ರಾಯರ ಬಟ್ಟೆಗಳ ಗಂಟು ಅವರ ಮಡಿಲಲ್ಲಿತ್ತು. ಬರುವ ದಾರಿಯಲ್ಲಿ ಇಸಿದುಕೊಂಡಿದ್ದೆವು. ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಅವರೇ ಮಾತು ತೆಗೆದರು.

“ಅದ್ ಇಂಜಿನಿಯರ್ ಅಲ್ಲ, ಅಲ್ದಾ?”

ನಾನು ಕ್ಯೂನಲ್ಲಿದ್ದ ಅಣ್ಣನ ಕಡೆ ನೋಡಿದೆ.

“ಇಂಟರ್‌ವಲ್ ಮುಂಚೆ ಒಂದ್ ಸಲ ಕಣ್ ಬಿಟ್ಟೆ. ತಪ್ಪಾಯ್ತ್. ಕಪ್ಪ್ ಕನ್ನಡಕ ಹಾಕ್ಕಂಡ್ ನಾಯಿ ಮಾತಾಡ್ತಾ ಇದ್ದಿತ್ತ್.”

ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಅಷ್ಟು ಕಷ್ಟಪಟ್ಟು ಹೇಳುತ್ತಿದ್ದಿರಿ, ಬೇಜಾರಾದೀತು ಎಂದು ಕೂತೆ ಎಂದರು.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಹಂಚಿಕೆದಾರರು, ಹೊಸ ನಟ, ಗುರುವಾರ, ಕಬ್ಬಿಣದ ಪೆಟ್ಟಿಗೆ, ಮೇ ತಿಂಗಳ ಆ ಬೆಳಿಗ್ಗೆ ಬಾಯಲ್ಲಿದ್ದ ಕಾಫಿ. ಆಸ್ಪತ್ರೆಯಲ್ಲಿ ಭದ್ರವಾಗಿದೆ ಎಂದು ಹೇಳಿದ್ದನ್ನೂ ಬಿಡಲಿಲ್ಲ. ನಡುವೆ ಒಂದು ಲೋಕಲ್ ಬಂದು ಹೋಯಿತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಆಗುತ್ತಿತ್ತು. ಈ ಜೂನಿನಲ್ಲಿ ಅವರು ಬರುವುದಿಲ್ಲವೆಂದು ಕಾಗದ ಬಂದಿದ್ದರೂ ತಾನು ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಮುಂಬಾಗಿಲಲ್ಲಿ ಕೂರುತ್ತಿದ್ದೆ, ಅಭ್ಯಾಸ ನೋಡಿ, ಎಂದಷ್ಟೇ ಹೇಳಿದರು. ಮತ್ತೆ ಕೇಳಿದರು:

“ಅಳ್ಸುವಾಗ ಕೇಳ್ತಾ?”

“ಇಲ್ಲ. ಏನೂ ಸದ್ದಿರೋದಿಲ್ಲ.”

ಅವರು ಆ ಗಂಟಿನ ಗಂಟನ್ನೇ ಬೆರಳಲ್ಲಿ ಮುಟ್ಟುತ್ತ ಕೂತರು. ನಾಯಿಯ ಮಾತನ್ನು ಬಿಟ್ಟು ಅವರು ಅಲ್ಲಿ ಇನ್ನೇನಾದರೂ ಮಾತಾಡುತ್ತಿದ್ದರಾ ಎಂದು ಕೇಳಿದರು. ಆಗ ನಾನು, ಅದುವರೆಗೆ ಯಾರಿಗೂ ಹೇಳುವ ಪ್ರಮೇಯವೇ ಬಂದಿರದ ಒಂದು ಸಣ್ಣ ವಿಷಯ ಹೇಳಿದೆ. ದನಿ ತುಂಬುವ ಮೊದಲು ಮೈಕು ಸರಿಯಾಗಿದೆಯೇ ಎಂದು ನೋಡಲು ಏನಾದರೂ ಹೇಳಿಸುತ್ತಾರೆ. ಎಲ್ಲರೂ ಒನ್ ಟೂ ತ್ರೀ ಎನ್ನುತ್ತಾರೆ. ಸುಬ್ರಾಯರು ಯಾವತ್ತೂ ಹಾಗೆ ಅಂದವರಲ್ಲ. ಪ್ರತಿ ಸಲವೂ, ಹಿಂದಿಯ ನಿರ್ದೇಶಕರಿಗೆ ಅರ್ಥವಾಗದ ಅದೇ ಒಂದು ಕುಂದಾಪುರದ ಮಾತು.

“ಎಂತ ಮಾತ್?”

“ಹ್ವಾಯ್, ಬಾಗ್ಲ್ ತೆಗಿ. ನಾನೇ.”

ಗಿರಿಜಮ್ಮನ ಬೆರಳು ಗಂಟಿನ ಮೇಲೆ ನಿಂತಿತು. ಆಮೇಲೆ, ನೀವು ಅದನ್ನು ಎಷ್ಟು ಸಲ ಕೇಳಿದ್ದೀರಿ ಎಂದರು. ದನಿ ತುಂಬಲು ಕೂತಾಗಲೆಲ್ಲ, ಎಂದೆ. ಹಾಗಾದರೆ ಅವರ ಹಾಗೆಯೇ ಹೇಳಿ ಎಂದರು.

ನನಗೆ ಆ ವಿದ್ಯೆ ಇರಲಿಲ್ಲ, ಈಗಲೂ ಇಲ್ಲ. ಮೈಸೂರಿನ ನಾಲಿಗೆಯಲ್ಲಿ, ನೋಟೀಸು ಓದುವವನ ಹಾಗೆ ಹೇಳಿದೆ. ಪಕ್ಕದ ಕಂಬಕ್ಕೆ ಒರಗಿದ್ದ ಮಿಲ್ಲಿನವನೊಬ್ಬ ತಿರುಗಿ ನೋಡಿದ.

“ಹಂಗಲ್ಲ,” ಎಂದರು. “‘ಹ್ವಾಯ್’ ಅನ್ನುದ್ ಗೇಟಿನ್ ಹತ್ರ. ಅದ್ ಜೋರ್. ‘ನಾನೇ’ ಅನ್ನುವತ್ತಿಗೆ ಬಾಗ್ಲಿಗ್ ಬಂದಿರ್ತ್ರ್. ಅದನ್ ಮೆಲ್ಲ ಹೇಳುದ್.”

ಹೇಳಿ ತೋರಿಸಿದರು. ಹೆಂಗಸಿನ ಸಣ್ಣ ದನಿ. ಆದರೆ ಆ ಏರು, ಆ ದೂರ, ಅಂಗಳವನ್ನು ದಾಟಿ ಬಂದು ಕೊನೆಯ ಮಾತಿಗೆ ತಗ್ಗುವ ಬಗೆ, ಎಲ್ಲ ಸುಬ್ರಾಯರದೇ. ಮೈಕಿನ ಮುಂದೆ ಸುಬ್ರಾಯರು ಒಂದು ಹೆಜ್ಜೆ ಹಿಂದೆ ನಿಂತು ಶುರುಮಾಡಿ, ಮುಂದೆ ಬಂದು ಮುಗಿಸುತ್ತಿದ್ದದ್ದು ನನಗೆ ಆಗ ಅರ್ಥವಾಯಿತು. ನಮ್ಮ ಸೌಂಡ್ ಇಂಜಿನಿಯರರು ಅದಕ್ಕಾಗಿ ಅವರನ್ನು ಎಷ್ಟೋ ಸಲ ಗದರಿಸಿದ್ದರು, ಮೈಕಿನ ಮುಂದೆ ಅಲುಗಬಾರದೆಂದು.

ಎರಡನೆಯ ಸಲ ಹೇಳಿದೆ. ‘ಬಾಗ್ಲ್’ ಎಂಬಲ್ಲಿ ಅವಸರ ಮಾಡಿದಿರಿ ಎಂದರು; ಅವರಿಗೆ ಅವಸರವಿರುತ್ತಿರಲಿಲ್ಲ, ಒಂದು ತಿಂಗಳು ಇರಲಿಕ್ಕೆ ಬಂದವರು. ಕಣ್ಣು ಮುಚ್ಚಿಕೊಂಡರು. ಅಣ್ಣ ಟಿಕೇಟು ಹಿಡಿದು ಪ್ಲಾಟ್‌ಫಾರಮಿನ ಆ ತುದಿಯಲ್ಲಿ ಬರುತ್ತಿದ್ದ.

ಮೂರನೆಯ ಸಲ ಹೇಳಿದಾಗ ಅವರು ತಿದ್ದಲಿಲ್ಲ. ತಿರುಗಿ ನೋಡಿದೆ. ಮಡಿಲಲ್ಲಿದ್ದ ಗಂಟನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿಕೊಂಡೇ, ಬೆಂಚಿನಿಂದ ಅರ್ಧ ಎದ್ದಿದ್ದರು.